ಊರೊಳಗಿನ ದಾರಿ ಮತ್ತು ವೇಗದ ಮಿತಿ: ಒಂದು ಪರಿಶೀಲನೆ

ದಾರಿಯೆಂಬುದು ಮಾನವನ ನಾಗರಿಕತೆಯ ಆದಿಮ ಕುರುಹುಗಳಲ್ಲೊಂದು. ಒಬ್ಬನ ಮನೆಯಿಂದ ಮತ್ತೊಬ್ಬನ ಮನೆಗೆ, ಮನೆಯಿಂದ ಬಾವಿಗೆ, ಬಾವಿಯಿಂದ ಹೊಲಕ್ಕೆ, ಹೊಲದಿಂದ ಸಂತೆಗೆ ನಡೆದ ಕಾಲುಗಳೇ ಮೊದಲ ದಾರಿಯನ್ನು ಮಾಡಿದುವು. ಚಕ್ರ ಬಂದುದು ಅನಂತರ. ಯಂತ್ರ ಬಂದುದು ಇನ್ನೂ ಈಚೆಗೆ. ಆದರೆ ಕೊನೆಗೆ ಬಂದ ಯಂತ್ರವೇ ಇಂದು ದಾರಿಯ ಒಡೆಯನಾಗಿ, ಮೊದಲು ನಡೆದ ಮನುಷ್ಯನು ಅದರ ಅಂಚಿನಲ್ಲಿ ಅಂಜುತ್ತ ನಿಲ್ಲುವಂತಾಗಿದೆ. ಜನವಸತಿಯ ನಡುವೆ ಹಾದುಹೋಗುವ ದಾರಿಗಳಲ್ಲಿ ವಾಹನಗಳ ವೇಗವನ್ನು ಎಷ್ಟಕ್ಕೆ ಮಿತಗೊಳಿಸಬೇಕು, ಏಕೆ ಮಿತಗೊಳಿಸಬೇಕು, ಹೇಗೆ ಮಿತಗೊಳಿಸಬಹುದು ಎಂಬ ಪ್ರಶ್ನೆ ಆದುದರಿಂದ ಕೇವಲ ಪೊಲೀಸರ ಅಥವಾ ಇಂಜಿನಿಯರರ ಪ್ರಶ್ನೆಯಲ್ಲ. ಮಕ್ಕಳನ್ನು ಶಾಲೆಗೆ ಕಳುಹುವ ಪ್ರತಿಯೊಬ್ಬ ತಾಯಿತಂದೆಯ, ಅವರನ್ನು ಬರಮಾಡಿಕೊಳ್ಳುವ ಪ್ರತಿಯೊಬ್ಬ ಉಪಾಧ್ಯಾಯನ ಪ್ರಶ್ನೆಯೂ ಹೌದು.

ಪದವಿಚಾರ

ವಿಷಯಪ್ರವೇಶಕ್ಕೆ ಮುನ್ನ ಪದಗಳನ್ನು ನೋಡುವುದು ಒಳಿತು. ‘ವೇಗ’ ಎಂಬುದು ಸಂಸ್ಕೃತದ ‘ವಿಜ್’ ಧಾತುವಿನಿಂದ ಹುಟ್ಟಿದ ಶಬ್ದ. ನಡುಗು, ಕದಲು ಎಂಬುದು ಆ ಧಾತುವಿನ ಅರ್ಥ. ‘ಉದ್ವೇಗ’, ‘ಆವೇಗ’ ಎಂಬ ಮಾತುಗಳೂ ಆ ಮೂಲದವೇ. ‘ಮಿತಿ’ ಎಂಬುದು ಅಳತೆಯನ್ನು ಹೇಳುವ ‘ಮಾ’ ಧಾತುವಿನಿಂದ ಬಂದುದು. ಆದಕಾರಣ ವೇಗಮಿತಿಯೆಂದರೆ ವೇಗದ ನಿಷೇಧವಲ್ಲ. ಕದಲಿಕೆಗೆ ಹಾಕಿದ ಅಳತೆ. ಊಟಕ್ಕೆ, ಮಾತಿಗೆ, ನಿದ್ರೆಗೆ ಮಿತಿಯುಂಟೆಂದು ಒಪ್ಪುವವರು ಚಲನೆಗೂ ಮಿತಿಯುಂಟೆಂಬುದನ್ನು ಒಪ್ಪದಿರಲು ಕಾರಣವಿಲ್ಲ.

ಇನ್ನು ದಾರಿಯ ಹೆಸರುಗಳು. ಕನ್ನಡವು ಎಲ್ಲ ದಾರಿಗಳನ್ನೂ ಒಂದೇ ಹೆಸರಿನಿಂದ ಕರೆದ ಭಾಷೆಯಲ್ಲ. ಹಿರಿದಾದ ದಾರಿ ಹೆದ್ದಾರಿ. ‘ಹೆಮ್ಮರ’ದಂತೆಯೇ ಇದೂ ಕರ್ಮಧಾರಯ ಸಮಾಸ. ಸಂಸ್ಕೃತದ ‘ವೀಥಿ’ಯು ತದ್ಭವವಾಗಿ ‘ಬೀದಿ’ಯಾಯಿತು. ಮನೆಗಳ ನಡುವಣ ಇಕ್ಕಟ್ಟಾದ ಹಾದಿ ಓಣಿ. ಒಂದು ಕಸುಬಿನ ಅಥವಾ ಒಂದು ಬಳಗದ ಜನ ಸಾಲಾಗಿ ನೆಲಸಿದ ಎಡೆ ಕೇರಿ. ಹೆದ್ದಾರಿಯೆಂದಾಗ ದೂರದ ಪಯಣ ನೆನಪಾಗುತ್ತದೆ. ಬೀದಿ, ಓಣಿ, ಕೇರಿಗಳೆಂದಾಗ ಜನ ನೆನಪಾಗುತ್ತಾರೆ. ಹೆದ್ದಾರಿ ಹೋಗುವುದಕ್ಕಾಗಿ ಇರುವುದು, ಬೀದಿ ಇರುವುದಕ್ಕಾಗಿ ಇರುವುದು. ಈ ಭೇದವನ್ನು ಭಾಷೆ ಎಂದೋ ಕಂಡುಕೊಂಡಿತು. ಚಕ್ರದ ಹಿಂದೆ ಕುಳಿತವನು ಇದನ್ನು ಮರೆತುದೇ ಇಂದಿನ ಅನೇಕ ಅನರ್ಥಗಳ ಮೂಲವೆಂದರೆ ತಪ್ಪಾಗಲಾರದು.

ಕರಾವಳಿಯ ನಿದರ್ಶನ

ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳು ಈ ವಿಷಯಕ್ಕೆ ಒಳ್ಳೆಯ ನಿದರ್ಶನ. ಪೂರ್ವಕ್ಕೆ ಸಹ್ಯಾದ್ರಿ, ಪಶ್ಚಿಮಕ್ಕೆ ಅರಬ್ಬೀ ಸಮುದ್ರ. ಇವೆರಡರ ನಡುವಣ ಕಿರಿದಾದ ಪಟ್ಟಿಯಲ್ಲಿ ಊರು, ತೋಟ, ಗದ್ದೆ, ರೈಲು, ಹೆದ್ದಾರಿ ಎಲ್ಲವೂ ಒತ್ತಾಗಿ ನಿಂತಿವೆ. ಹಿಂದೆ 17 ಎಂಬ ಸಂಖ್ಯೆಯಿಂದ ಪ್ರಸಿದ್ಧವಾಗಿದ್ದು 2010ರ ಮರುಸಂಖ್ಯೆಯಲ್ಲಿ 66 ಎಂದಾದ ರಾಷ್ಟ್ರೀಯ ಹೆದ್ದಾರಿಯು ಈ ಮೂರೂ ತಾಲೂಕುಗಳ ಮುಖ್ಯ ಪಟ್ಟಣಗಳನ್ನು ಹಾದುಹೋಗುತ್ತದೆ. ಈಚಿನ ವರ್ಷಗಳಲ್ಲಿ ಅದು ಚತುಷ್ಪಥವಾಗಿ ಅಗಲಗೊಳ್ಳುತ್ತ ಬಂದಿದೆ. ದಾರಿ ಅಗಲವಾದಂತೆ ವೇಗ ಹೆಚ್ಚುವುದು ಸಹಜ. ಹಾಗೆ ಹೆಚ್ಚಿದ ವೇಗದ ಅಭ್ಯಾಸವು ಹೆದ್ದಾರಿಯಲ್ಲಿಯೇ ನಿಲ್ಲುವುದಿಲ್ಲ. ಅಲ್ಲಿಂದ ಕವಲೊಡೆದು ಕಡಲ ಕಡೆಗೂ ಬೆಟ್ಟದ ಕಡೆಗೂ ಸಾಗುವ ಊರದಾರಿಗಳಿಗೆ ಇಳಿಯುತ್ತದೆ. ಅರ್ಧ ಗಂಟೆ ಭರದಿಂದ ಓಡಿದ ಚಾಲಕನಿಗೆ ತಿರುವು ಕಳೆದ ಬಳಿಕವೂ ಕಣ್ಣಿನಲ್ಲಿ ಹಳೆಯ ವೇಗವೇ ನಿಂತಿರುತ್ತದೆ. ನಲವತ್ತು ಅವನಿಗೆ ಇಪ್ಪತ್ತರಂತೆ ತೋರುತ್ತದೆ.

ಭಟ್ಕಳ ತಾಲೂಕಿನ ತೆಂಗಿನಗುಂಡಿ ಇಂಥ ಊರುಗಳಲ್ಲೊಂದು. ಪದವನ್ನು ಬಿಡಿಸಿದರೆ ತೆಂಗು, ಗುಂಡಿ ಎಂಬ ಎರಡು ಅಚ್ಚಗನ್ನಡ ಮಾತುಗಳು. ಇದು ಮೀನುಗಾರಿಕೆಯ ಬಂದರು. ಬಂದರಿರುವ ಊರಿನ ದಾರಿಯ ಬದುಕೇ ಬೇರೆ. ದೋಣಿಯ ವೇಳೆಯೇ ದಾರಿಯ ವೇಳೆ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿದೆ. ಅದು ಮುಗಿದೊಡನೆ ಮೀನು, ಮಂಜುಗಡ್ಡೆ, ಬಲೆ, ಎಣ್ಣೆಗಳನ್ನು ಹೊತ್ತ ವಾಹನಗಳ ಓಡಾಟ ಮೊದಲಾಗುತ್ತದೆ. ಮೀನು ಕೆಡುವ ಸರಕು. ಆದುದರಿಂದ ಅದನ್ನು ಸಾಗಿಸುವವನಿಗೆ ಆತುರ. ಅದೇ ದಾರಿಯಲ್ಲಿ ಬುಟ್ಟಿ ಹೊತ್ತ ಹೆಂಗಸರು, ಸೈಕಲ್ಲಿನ ಹುಡುಗರು, ಚೀಲ ಬೆನ್ನಿಗೇರಿಸಿದ ಶಾಲೆಯ ಮಕ್ಕಳು, ಪೂಜೆಗೋ ನಮಾಜಿಗೋ ಹೊರಟ ವೃದ್ಧರು ನಡೆಯುತ್ತಾರೆ. ಇವರ ನಡೆ ಗಂಟೆಗೆ 4 ಅಥವಾ 5 ಕಿಲೋಮೀಟರು. ಇಂಥ ಒಂದು ದಾರಿಯಲ್ಲಿ ಎಲ್ಲರಿಗೂ ಎಡೆ ಇರಬೇಕಾದರೆ ಯಾರ ನಡೆಯನ್ನು ಯಾರಿಗೆ ಹೊಂದಿಸಬೇಕೆಂಬುದೇ ಪ್ರಕೃತ ವಿಷಯ.

ಲೆಕ್ಕದ ಸಾಕ್ಷ್ಯ

ಈ ಪ್ರಶ್ನೆಗೆ ಮರುಕದಿಂದ ಉತ್ತರ ಹೇಳುವುದಕ್ಕಿಂತ ಗಣಿತದಿಂದ ಹೇಳುವುದು ಲೇಸು. ಚಾಲಕನು ಎದುರಿಗೆ ಮಗುವನ್ನು ಕಂಡು ತಡೆಗೋಲನ್ನು ಒತ್ತಲು ಒಂದು ಸೆಕೆಂಡು ಬೇಕೆಂದು ಇಟ್ಟುಕೊಳ್ಳೋಣ. ಒಣಗಿದ ಒಳ್ಳೆಯ ದಾರಿಯಲ್ಲಿ ಬ್ರೇಕು ಹಿಡಿದ ವಾಹನದ ವೇಗವು ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 7 ಮೀಟರಿನಂತೆ ತಗ್ಗುತ್ತದೆಂದು ಗ್ರಹಿಸೋಣ.

ಗಂಟೆಗೆ 30 ಕಿಲೋಮೀಟರು ವೇಗದ ವಾಹನವು ಸೆಕೆಂಡಿಗೆ 8.3 ಮೀಟರು ಓಡುತ್ತದೆ. ಅರಿವಿಗೆ ಬೇಕಾದ ಒಂದು ಸೆಕೆಂಡಿನಲ್ಲಿ 8.3 ಮೀಟರು, ಬ್ರೇಕು ಹಿಡಿದ ಮೇಲೆ ಸುಮಾರು 5 ಮೀಟರು. ಒಟ್ಟು 13 ಮೀಟರಿಗೆ ಸ್ವಲ್ಪ ಹೆಚ್ಚಿನಲ್ಲಿ ಅದು ನಿಲ್ಲುತ್ತದೆ. ಗಂಟೆಗೆ 50 ಕಿಲೋಮೀಟರಿನ ವಾಹನವಾದರೋ ಆ ಮೊದಲ ಸೆಕೆಂಡಿನಲ್ಲಿಯೇ 13.9 ಮೀಟರು ಸಾಗಿರುತ್ತದೆ. ಅನಂತರ ಮತ್ತೆ 13.8 ಮೀಟರು, ಒಟ್ಟು ಸುಮಾರು 28 ಮೀಟರು. ಇದರ ತಾತ್ಪರ್ಯವನ್ನು ಓದುಗರು ಲಕ್ಷ್ಯವಿಟ್ಟು ಗ್ರಹಿಸಬೇಕು. ಮಗುವು ಹದಿಮೂರೂವರೆ ಮೀಟರು ದೂರದಲ್ಲಿ ದಾರಿಗೆ ಇಳಿಯಿತೆನ್ನಿ. 30ರ ವಾಹನವು ಅದರ ಮುಂದೆ ಬಂದು ನಿಲ್ಲುತ್ತದೆ. 50ರ ವಾಹನವು ಬ್ರೇಕು ಹಿಡಿಯುವುದಕ್ಕೆ ಮೊದಲೇ, ಲೇಶಮಾತ್ರವೂ ವೇಗ ತಗ್ಗದೆ, ಅದಕ್ಕೆ ಅಪ್ಪಳಿಸುತ್ತದೆ. ಇಬ್ಬರು ಚಾಲಕರೂ ಸಮಾನ ಎಚ್ಚರಿಕೆಯವರು, ಸಮಾನ ಕುಶಲರು. ಭೇದವಿರುವುದು ಚಾಲಕರಲ್ಲಿ ಅಲ್ಲ, ಅಂಕಿಯಲ್ಲಿ.

ಮಳೆಯಲ್ಲಿ ಈ ಅಂತರ ಮತ್ತೂ ಹಿಗ್ಗುತ್ತದೆ. ನೆನೆದ ದಾರಿಯಲ್ಲಿ ವೇಗವು ಸೆಕೆಂಡಿಗೆ ಸೆಕೆಂಡಿಗೆ 4 ಮೀಟರಿನಂತೆ ಮಾತ್ರ ತಗ್ಗುವುದೆಂದರೆ, 30ರ ವಾಹನಕ್ಕೆ 17 ಮೀಟರು, 50ರ ವಾಹನಕ್ಕೆ 38 ಮೀಟರು ಬೇಕಾಗುತ್ತವೆ. ವರ್ಷದ ಮೂರು ನಾಲ್ಕು ತಿಂಗಳು ಮಳೆಯಲ್ಲಿ ನೆನೆಯುವ ಕರಾವಳಿಗೆ ಈ ಲೆಕ್ಕ ವಿಶೇಷವಾಗಿ ಅನ್ವಯಿಸುತ್ತದೆ.

ಪೆಟ್ಟಿನ ಬಲವೂ ಹಾಗೆಯೇ. ಚಲಿಸುವ ವಸ್ತುವಿನ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾದುದೆಂದು ಪ್ರೌಢಶಾಲೆಯ ಮಕ್ಕಳೂ ಬಲ್ಲರು. ಕರಾವಳಿಯ ಜನಕ್ಕೆ ಅದನ್ನು ತೆಂಗಿನ ಮರದಿಂದ ವಿವರಿಸುವುದು ಸುಲಭ. ಗಂಟೆಗೆ 30 ಕಿಲೋಮೀಟರು ವೇಗದ ಪೆಟ್ಟು ಮೂರೂವರೆ ಮೀಟರಿನಿಂದ, ಎಂದರೆ ಎಳೆಯ ಮರದ ಎತ್ತರದಿಂದ ಬಿದ್ದುದಕ್ಕೆ ಸಮ. 50ರ ಪೆಟ್ಟು ಸುಮಾರು 10 ಮೀಟರಿನಿಂದ, ಫಲ ಬಿಡುವ ಮರದ ತಲೆಯಿಂದ ಬಿದ್ದುದಕ್ಕೆ ಸಮ. 70ರ ಪೆಟ್ಟು 19 ಮೀಟರಿನಿಂದ, ಮುದಿಮರದ ತುದಿಯಿಂದ ಬಿದ್ದುದಕ್ಕೆ ಸಮ. ಎಳೆಯ ಮರದಿಂದ ಬಿದ್ದವನು ಕೈ ಮುರಿದುಕೊಂಡರೂ ಬದುಕುವ ಆಸೆಯುಂಟು. ಮುದಿಮರದ ತುದಿಯಿಂದ ಬಿದ್ದವನ ವಿಷಯವನ್ನು ಹೇಳಬೇಕಾಗಿಲ್ಲ.

ಸ್ವೀಡನ್ನಿನ ಗೋರಾನ್ ನಿಲ್ಸನ್ ಎಂಬ ಸಂಶೋಧಕನು ದಾರಿಯ ಸರಾಸರಿ ವೇಗಕ್ಕೂ ಸಾವಿನ ಸಂಖ್ಯೆಗೂ ಇರುವ ಸಂಬಂಧವನ್ನು ಸೂತ್ರರೂಪದಲ್ಲಿ ಹೇಳಿದ್ದಾನೆ. ಅದರಂತೆ ಮರಣಾಂತಿಕ ಅಪಘಾತಗಳು ವೇಗದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರಿಳಿಯುತ್ತವೆ. ಸರಾಸರಿ ವೇಗ ನೂರಕ್ಕೆ 5ರಷ್ಟು ತಗ್ಗಿದರೆ ಅವು ನೂರಕ್ಕೆ 18ರಷ್ಟು ತಗ್ಗುವ ಲೆಕ್ಕ. ಅಲ್ಪ ಸಂಯಮಕ್ಕೆ ಇಷ್ಟು ಮಹತ್ಫಲ ದೊರೆಯುವ ಎಡೆಗಳು ಲೋಕದಲ್ಲಿ ವಿರಳ.

ಭಾರತ ಸರಕಾರದ ಸಾರಿಗೆ ಸಚಿವಾಲಯ ಪ್ರಕಟಿಸಿದಂತೆ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳು ನಡೆದು 1,68,491 ಜನ ಮಡಿದರು. ಆ ಸಾವುಗಳಲ್ಲಿ ನೂರಕ್ಕೆ 71ಕ್ಕೂ ಮಿಕ್ಕವು ಅತಿವೇಗದ ಕಾರಣಕ್ಕೆ ಸೇರಿದವು. ಮಡಿದವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚಿನವರು ದ್ವಿಚಕ್ರ ವಾಹನದವರು, 19ಕ್ಕೂ ಹೆಚ್ಚಿನವರು ಕಾಲ್ನಡೆಯವರು. ಉಕ್ಕಿನ ಕವಚವಿಲ್ಲದವರೇ ಹೆಚ್ಚಾಗಿ ಬಲಿಯಾದರೆಂಬುದನ್ನು ಈ ಅಂಕಿಗಳೇ ಹೇಳುತ್ತವೆ.

ಇತಿಹಾಸದ ಪಾಠ

ಮಿತಿಯನ್ನು ಹಾಕುವುದು, ತೆಗೆಯುವುದು, ಪಶ್ಚಾತ್ತಾಪಪಟ್ಟು ಮತ್ತೆ ಹಾಕುವುದು, ಇದು ಲೋಕದಲ್ಲಿ ಹಿಂದೆಯೂ ನಡೆದ ಸಂಗತಿ. ಇಂಗ್ಲೆಂಡಿನಲ್ಲಿ 1865ರ ಶಾಸನವು ಯಂತ್ರವಾಹನಗಳಿಗೆ ಪಟ್ಟಣದಲ್ಲಿ ಗಂಟೆಗೆ 2 ಮೈಲಿ, ಹೊರಗೆ 4 ಮೈಲಿಯ ಮಿತಿಯನ್ನು ವಿಧಿಸಿತ್ತು. 1896ರಲ್ಲಿ ಅದು 14 ಮೈಲಿಗೂ 1903ರಲ್ಲಿ 20 ಮೈಲಿಗೂ ಏರಿತು. 1930ರ ಶಾಸನವು ಕಾರುಗಳಿಗೆ ಮಿತಿಯನ್ನೇ ತೆಗೆದುಹಾಕಿತು. ಮಿತಿಯನ್ನು ಯಾರೂ ಪಾಲಿಸುವುದಿಲ್ಲ, ಆದುದರಿಂದ ಅದು ಇರುವುದೇ ಬೇಡ ಎಂಬ ವಾದ ಆಗ ಗೆದ್ದಿತು. 1934ರಲ್ಲಿ ಆ ದೇಶದ ದಾರಿಗಳಲ್ಲಿ 7,343 ಜನ ಸತ್ತರು. 1935ರ ಮಾರ್ಚಿಯಿಂದ ಜನವಸತಿಯ ಪ್ರದೇಶಗಳಲ್ಲಿ 30 ಮೈಲಿಯ, ಎಂದರೆ 48 ಕಿಲೋಮೀಟರಿನ ಮಿತಿ ಮತ್ತೆ ಬಂದಿತು. ಚಾಲಕರ ಪರೀಕ್ಷೆ, ಪಾದಚಾರಿಗಳ ದಾಟುಗಟ್ಟೆ ಮುಂತಾದ ಕ್ರಮಗಳೂ ಅದರ ಜೊತೆಗೆ ಬಂದುವು. ಆ ವರ್ಷ ಸತ್ತವರ ಸಂಖ್ಯೆ 6,502ಕ್ಕೆ ಇಳಿಯಿತು. ಪಾಲಿಸದ ನಿಯಮವನ್ನು ಪಾಲಿಸುವಂತೆ ಮಾಡಬೇಕೇ ಹೊರತು ನಿಯಮವನ್ನೇ ಅಳಿಸಬಾರದೆಂಬ ಪಾಠ ಇಲ್ಲಿದೆ.

ಆಮೇಲೆ ಬಂದ ಪೀಳಿಗೆ 48 ಕೂಡ ಹೆಚ್ಚೆಂದು ಕಂಡುಕೊಂಡಿತು. ಜರ್ಮನಿಯ ಬುಕ್ಸ್‌ಟೆಹುಡೆ ಪಟ್ಟಣವು 1983ರಲ್ಲಿ 30 ಕಿಲೋಮೀಟರಿನ ವಲಯವನ್ನು ಪ್ರಯೋಗಿಸಿತು. ಆಸ್ಟ್ರಿಯದ ಗ್ರಾಜ್ ನಗರವು 1992ರಲ್ಲಿ ಮುಖ್ಯ ದಾರಿಗಳನ್ನುಳಿದು ಇಡೀ ನಗರಕ್ಕೆ ಅದನ್ನು ವಿಸ್ತರಿಸಿತು. 2020ರ ಫೆಬ್ರುವರಿಯಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ಮಂತ್ರಿಮಟ್ಟದ ಜಾಗತಿಕ ಸಮ್ಮೇಳನವು ನಡೆಯುವವರೂ ವಾಹನಗಳೂ ಬೆರೆಯುವ ಎಡೆಗಳಲ್ಲಿ 30 ಕಿಲೋಮೀಟರೇ ಪರಮಾವಧಿಯಾಗಬೇಕೆಂದು ಘೋಷಿಸಿತು. ಅದೇ ವರ್ಷ ವಿಶ್ವಸಂಸ್ಥೆಯ ಮಹಾಸಭೆ ಆ ಘೋಷಣೆಯನ್ನು ಅನುಮೋದಿಸಿ, 2030ರೊಳಗೆ ರಸ್ತೆಯ ಸಾವುನೋವುಗಳನ್ನು ಅರ್ಧಕ್ಕಿಳಿಸುವ ಸಂಕಲ್ಪ ಮಾಡಿತು. 2021ರ ಮೇ ತಿಂಗಳಲ್ಲಿ ಸ್ಪೇನ್ ದೇಶವು ಪಟ್ಟಣದೊಳಗೆ ಅತ್ತಲೊಂದು ಇತ್ತಲೊಂದು ಸಾಲಿರುವ ದಾರಿಗಳಿಗೆಲ್ಲ ಈ ಮಿತಿಯನ್ನು ವಿಧಿಸಿತು. ವೇಲ್ಸ್ ಪ್ರಾಂತವು 2023ರ ಸೆಪ್ಟೆಂಬರ್ 17ರಿಂದ ಜನವಸತಿಯ ದಾರಿಗಳ ಸಾಮಾನ್ಯ ಮಿತಿಯನ್ನು 30 ಮೈಲಿಯಿಂದ 20 ಮೈಲಿಗೆ, ಎಂದರೆ 32 ಕಿಲೋಮೀಟರಿಗೆ ಇಳಿಸಿತು. ಅಲ್ಲಿ ನಾಲ್ಕು ಲಕ್ಷಕ್ಕೂ ಮಿಕ್ಕಿದ ಜನ ವಿರೋಧದ ಮನವಿಗೆ ಸಹಿ ಹಾಕಿದರು. ಸರಕಾರವು ಕೆಲವು ದಾರಿಗಳ ವಿಷಯದಲ್ಲಿ ಮರುವಿಚಾರಕ್ಕೆ ಒಪ್ಪಬೇಕಾಯಿತು. ಆದರೂ ಮುಂದಿನ ತಿಂಗಳುಗಳಲ್ಲಿ ಆ ದಾರಿಗಳಲ್ಲಿ ಗಾಯಗೊಂಡವರ ಸಂಖ್ಯೆ ಇಳಿಮುಖವಾಯಿತು. ಹಿತವಾದುದೆಲ್ಲ ಮೊದಲ ದಿನವೇ ಪ್ರಿಯವಾಗುವುದಿಲ್ಲ.

ಶಾಸನದ ಮಾತು

ನಮ್ಮ ನಾಡಿನ ಶಾಸನದಲ್ಲಿಯೂ ಇದಕ್ಕೆ ಆಧಾರವಿಲ್ಲದೆ ಇಲ್ಲ. 1988ರ ಮೋಟಾರು ವಾಹನಗಳ ಅಧಿನಿಯಮದ 112ನೆಯ ಪ್ರಕರಣವು ಸಾರ್ವಜನಿಕ ಸುರಕ್ಷತೆಗಾಗಿ ಅಥವಾ ದಾರಿಯ, ಸೇತುವೆಯ ಸ್ವರೂಪಕ್ಕೆ ಅನುಗುಣವಾಗಿ ವೇಗವನ್ನು ಮಿತಗೊಳಿಸುವ ಅಧಿಕಾರವನ್ನು ರಾಜ್ಯ ಸರಕಾರಕ್ಕೂ ಅದು ಅಧಿಕಾರವಿತ್ತ ಪ್ರಾಧಿಕಾರಕ್ಕೂ ಕೊಟ್ಟಿದೆ. ಆ ಪ್ರಕರಣದಲ್ಲಿ ಎರಡು ಅಂಗಗಳಿವೆ: ಒಂದು, ರಾಜಪತ್ರದ ಅಧಿಸೂಚನೆ, ಎರಡು, 116ನೆಯ ಪ್ರಕರಣದಂತೆ ದಾರಿಯ ಬದಿಯಲ್ಲಿ ನೆಟ್ಟ ಫಲಕ. ಕಡತದಲ್ಲಿದ್ದು ಕಂಬದಲ್ಲಿಲ್ಲದ ಮಿತಿ, ಬರೆಯದ ಹಲಗೆಯ ಮುಂದೆ ನಡೆಸಿದ ಪಾಠದಂತೆ ನಿಷ್ಫಲ.

ಕೇಂದ್ರ ಸರಕಾರವು 2018ರ ಏಪ್ರಿಲ್ 6ರ ಅಧಿಸೂಚನೆಯಲ್ಲಿ ಪುರಸಭೆ, ನಗರಸಭೆಗಳ ಎಲ್ಲೆಯೊಳಗೆ ಕಾರುಗಳಿಗೆ ಗಂಟೆಗೆ 70 ಕಿಲೋಮೀಟರು, ದ್ವಿಚಕ್ರ ವಾಹನಗಳಿಗೆ 60 ಕಿಲೋಮೀಟರು ಪರಮಾವಧಿಯೆಂದು ಹೇಳಿತ್ತು. ವೇಗವೇ ಸಾವಿಗೆ ಕಾರಣವಾಗಿರುವಾಗ ಮಿತಿಯನ್ನು ಏರಿಸುವುದು ಸಲ್ಲದೆಂದು ಮದ್ರಾಸ್ ಉಚ್ಚ ನ್ಯಾಯಾಲಯವು 2021ರಲ್ಲಿ ಆ ಅಧಿಸೂಚನೆಯನ್ನು ರದ್ದುಗೊಳಿಸಿತು. ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ದೇಶಕ್ಕೆಲ್ಲ ಹೇಳಿದ ಪರಮಾವಧಿ ಮೇಲಿನ ಎಲ್ಲೆ ಮಾತ್ರ. ಅದಕ್ಕಿಂತ ಕಡಿಮೆಯ ಮಿತಿಯನ್ನು ಶಾಲೆ, ಸಂತೆ, ಕೇರಿಗಳ ಬಳಿ ವಿಧಿಸಲು ರಾಜ್ಯಕ್ಕೆ ಅಡ್ಡಿಯಿಲ್ಲ. ಮೆರವಣಿಗೆಯನ್ನು ದಾಟುವಾಗ ಅಥವಾ ದಾರಿ ದುರಸ್ತಿ ಮಾಡುವ ಕೂಲಿಕಾರರನ್ನು ದಾಟುವಾಗ 25 ಕಿಲೋಮೀಟರನ್ನು ಮೀರಬಾರದೆಂದು 1989ರ ರಸ್ತೆ ನಿಯಮಗಳು ವಿಧಿಸಿದ್ದುವು. ನಾಲ್ಕು ಗಂಟೆಗೆ ಶಾಲೆ ಬಿಟ್ಟಾಗ ಹೊರಡುವ ಮಕ್ಕಳ ಸಾಲೂ ಒಂದು ಮೆರವಣಿಗೆಯೇ ಅಲ್ಲವೆ?

2019ರ ತಿದ್ದುಪಡಿ ಅತಿವೇಗಕ್ಕೆ ಲಘು ವಾಹನಗಳಿಗೆ 1,000ದಿಂದ 2,000 ರೂಪಾಯಿ, ಮಧ್ಯಮ ಮತ್ತು ಭಾರಿ ವಾಹನಗಳಿಗೆ 2,000ದಿಂದ 4,000 ರೂಪಾಯಿ ದಂಡವನ್ನು ಹೇಳುತ್ತದೆ. ಅದೇ ತಿದ್ದುಪಡಿಯ 198ಎ ಪ್ರಕರಣವು ಸುರಕ್ಷತೆಯ ಮಾನಕಗಳನ್ನು ಮೀರಿ ದಾರಿ ಕಟ್ಟಿದ ಪ್ರಾಧಿಕಾರ, ಗುತ್ತಿಗೆದಾರರನ್ನೂ ಹೊಣೆಗಾರರನ್ನಾಗಿಸಿದೆ. ತಪ್ಪು ಚಾಲಕನದೊಂದೇ ಅಲ್ಲ, ದಾರಿಯದೂ ಆಗಿರಬಹುದೆಂದು ಶಾಸನವು ಒಪ್ಪಿಕೊಂಡುದು ಗಮನಾರ್ಹ.

ಪೂರ್ವಪಕ್ಷ ಮತ್ತು ಸಮಾಧಾನ

ಈ ವಿಷಯದಲ್ಲಿ ಏಳುವ ಆಕ್ಷೇಪಗಳನ್ನು ಅಲಕ್ಷಿಸುವುದು ನ್ಯಾಯವಲ್ಲ. ದುಡಿದು ತಿನ್ನುವ ಚಾಲಕನಿಗೆ ಸಮಯವೇ ಹಣ ಎಂಬುದು ಮೊದಲನೆಯ ಆಕ್ಷೇಪ. ಇದು ಹುರುಳಿಲ್ಲದ ಮಾತಲ್ಲ. ಬಾಡಿಗೆಯ ಲಾರಿಯವನ, ರಿಕ್ಷಾದವನ ಸಂಪಾದನೆ ಓಟದ ಮೇಲೆ ನಿಂತಿದೆ. ಆದರೆ ನಷ್ಟವಾಗುವ ಕಾಲವೆಷ್ಟೆಂದು ಎಣಿಸಬೇಕು. ಎರಡು ಕಿಲೋಮೀಟರಿನ ಜನವಸತಿಯನ್ನು 50ರ ವೇಗದಲ್ಲಿ ದಾಟಲು 144 ಸೆಕೆಂಡು, 30ರ ವೇಗದಲ್ಲಿ ದಾಟಲು 240 ಸೆಕೆಂಡು ಬೇಕು. ಅಂತರ 96 ಸೆಕೆಂಡು. ಮಂಜುಗಡ್ಡೆಯಲ್ಲಿಟ್ಟ ಮೀನು ಒಂದೂವರೆ ನಿಮಿಷದಲ್ಲಿ ಕೆಡುವುದಿಲ್ಲ. ಬಂದರಿನಲ್ಲಿ ಹೇರುವ ಹೊತ್ತು, ಹೆದ್ದಾರಿಯ ಕೂಡುದಾರಿಯಲ್ಲಿ ಕಾಯುವ ಹೊತ್ತು ಇದಕ್ಕಿಂತ ಹೆಚ್ಚೆಂಬುದನ್ನು ಚಾಲಕರೇ ಬಲ್ಲರು.

ರೋಗಿಯನ್ನು ಒಯ್ಯುವ ಆಂಬುಲೆನ್ಸಿಗೆ ಅಡ್ಡಿಯಾಗುವುದೆಂಬುದು ಎರಡನೆಯದು. ತುರ್ತು ವಾಹನಕ್ಕೆ ದಾರಿ ಬಿಡದವನಿಗೆ 10,000 ರೂಪಾಯಿ ದಂಡ ಹೇಳುವ ವಿಧಿ 2019ರಿಂದ ಇದೆ. ಎಲ್ಲ ವಾಹನಗಳೂ ಮಿತವಾಗಿ ಸಾಗುವ ದಾರಿಯಲ್ಲಿ ಒಂದು ವಾಹನಕ್ಕೆ ಎಡೆ ಕೊಡುವುದು ಸುಲಭವೇ ಹೊರತು ಕಷ್ಟವಲ್ಲ.

ಫಲಕ ನೆಟ್ಟೊಡನೆ ವೇಗ ತಗ್ಗುವುದೇ ಎಂಬುದು ಮೂರನೆಯ, ಎಲ್ಲಕ್ಕಿಂತ ಪ್ರಬಲವಾದ ಆಕ್ಷೇಪ. ಇಲ್ಲ ಎಂಬುದೇ ಪ್ರಾಮಾಣಿಕವಾದ ಉತ್ತರ. ಅಗಲವಾಗಿ, ನೇರವಾಗಿ, ನುಣುಪಾಗಿ ಕಟ್ಟಿದ ದಾರಿ ಓಡು ಎನ್ನುತ್ತದೆ. ಫಲಕವು ನಿಲ್ಲು ಎನ್ನುತ್ತದೆ. ಚಾಲಕನು ದಾರಿಯ ಮಾತನ್ನೇ ಕೇಳುತ್ತಾನೆ. ಆದುದರಿಂದ ಮಿತಿಯನ್ನು ದಾರಿಯ ಮೈಯಲ್ಲಿಯೇ ಬರೆಯಬೇಕು: ಶಾಲೆಯ ಬಳಿ ಎತ್ತರಿಸಿದ ದಾಟುದಾರಿ, ಕಾಲ್ದಾರಿಗೆ ಬೇರೆಯೇ ಎಡೆ, ಊರು ಮೊದಲಾಗುವಲ್ಲಿ ದಾರಿಯನ್ನು ಕಿರಿದಾಗಿಸುವ ಕಟ್ಟೆ, ಇರುಳಿಗೆ ದೀಪ. ರಸ್ತೆಯುಬ್ಬುಗಳನ್ನು ಮನಬಂದಂತೆ ಎಬ್ಬಿಸುವುದು ತರವಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ಸಿನ 1988ರ ಮಾರ್ಗದರ್ಶಿಯು 25 ಕಿಲೋಮೀಟರಿನ ವೇಗಕ್ಕೆ ತಕ್ಕ ಉಬ್ಬು 3.7 ಮೀಟರು ಅಗಲ, 10 ಸೆಂಟಿಮೀಟರು ಎತ್ತರ ಇರಬೇಕೆಂದು ಹೇಳಿತು. ಬಣ್ಣವಿಲ್ಲದ, ಫಲಕವಿಲ್ಲದ, ಕಡಿದಾದ ಉಬ್ಬು ರಾತ್ರಿಯಲ್ಲಿ ಸೈಕಲ್ಲಿನವನನ್ನು ಬೀಳಿಸುವ ಬಲೆಯಾದೀತು.

ಬೆಂಗಳೂರು–ಮೈಸೂರು ಹೆದ್ದಾರಿಯ ಉದಾಹರಣೆ ಇಲ್ಲಿ ಬೋಧಪ್ರದ. ಅಲ್ಲಿ ವೇಗದ ಓಟಕ್ಕಾಗಿ ಕಟ್ಟಿದ ಮುಖ್ಯ ಪಥದಿಂದ ದ್ವಿಚಕ್ರ ವಾಹನ, ಆಟೋರಿಕ್ಷಾ, ಟ್ರ್ಯಾಕ್ಟರುಗಳನ್ನು 2023ರ ಆಗಸ್ಟ್ 1ರಿಂದ ಹೊರಗಿಟ್ಟರು. ಅತಿವೇಗವೂ ಮಂದಗತಿಯೂ ಒಂದೇ ಪಥದಲ್ಲಿ ಬೆರೆಯಬಾರದೆಂಬುದು ಅದರ ಹಿಂದಿನ ತತ್ತ್ವ. ಈ ತತ್ತ್ವವನ್ನು ಮಗುಚಿ ನೋಡಿದರೆ ಊರದಾರಿಯ ನ್ಯಾಯ ತಾನಾಗಿಯೇ ಸಿದ್ಧವಾಗುತ್ತದೆ. ಎಲ್ಲಿ ಮಂದಗಾಮಿಯನ್ನು ಹೊರಗಿಡಬಹುದೋ ಅಲ್ಲಿ ವೇಗ ಇರಲಿ. ಎಲ್ಲಿ ಮಂದಗಾಮಿಯ ಮನೆಯೇ ದಾರಿಯ ಬದಿಯಲ್ಲಿದೆಯೋ ಅಲ್ಲಿ ಹೊರಗಿರಬೇಕಾದುದು ವೇಗ. ತೆಂಗಿನಗುಂಡಿಯಂಥ ಊರಿನ ಹೆಂಗಸಿಗೆ ಬಂದರಿಗೆ ನಡೆದು ಹೋಗಬೇಡವೆನ್ನಲಾಗದು; ಮಗುವಿಗೆ ಶಾಲೆಗೆ ಬರಬೇಡವೆನ್ನಲಾಗದು.

ಶಾಲೆಯ ಹೊಣೆ

ಇನ್ನು ಶಾಲೆಯವರು ಮಾಡಬಹುದಾದುದೇನು? ಮೊದಲನೆಯದು, ಅಳೆದು ನೋಡುವುದು. ಶಾಲೆಯ ಮುಂದೆ 50 ಮೀಟರು ಗುರುತಿಸಿ, ವಾಹನವೊಂದು ಅದನ್ನು ಎಷ್ಟು ಸೆಕೆಂಡಿನಲ್ಲಿ ದಾಟಿತೆಂದು ಎಣಿಸಿದರೆ ವೇಗ ತಿಳಿಯುತ್ತದೆ: 6 ಸೆಕೆಂಡು ಹಿಡಿದರೆ 30 ಕಿಲೋಮೀಟರು, 3 ಸೆಕೆಂಡು ಹಿಡಿದರೆ 60 ಕಿಲೋಮೀಟರು. ಉಪಾಧ್ಯಾಯರ ಮೇಲ್ವಿಚಾರಣೆಯಲ್ಲಿ, ಆವರಣದ ಒಳಗೆ ನಿಂತು, ಪ್ರೌಢಶಾಲೆಯ ವಿದ್ಯಾರ್ಥಿಗಳು ಒಂದು ವಾರ ಈ ಲೆಕ್ಕವನ್ನಿಟ್ಟರೆ ಗಣಿತದ ಪಾಠವೂ ಆಯಿತು, ಮನವಿಗೆ ಆಧಾರವೂ ಆಯಿತು. ಎರಡನೆಯದು, ಆ ಲೆಕ್ಕದೊಡನೆ ಗ್ರಾಮ ಪಂಚಾಯತಿಗೂ ಲೋಕೋಪಯೋಗಿ ಇಲಾಖೆಗೂ ಜಿಲ್ಲಾ ರಸ್ತೆ ಸುರಕ್ಷಾ ಸಮಿತಿಗೂ ಬರೆಯುವುದು. ಇಂಥ ಸಮಿತಿಗಳಿಗೆ ಅಧಿನಿಯಮದ 215ನೆಯ ಪ್ರಕರಣದಲ್ಲಿ ಎಡೆಯಿದೆ. ‘ಬಹಳ ವೇಗವಾಗಿ ಓಡಿಸುತ್ತಾರೆ’ ಎಂಬ ದೂರಿಗಿಂತ ‘ಇಂತಿಷ್ಟು ವಾಹನಗಳಲ್ಲಿ ಇಂತಿಷ್ಟು 50ನ್ನು ಮೀರಿದುವು’ ಎಂಬ ಬರಹಕ್ಕೆ ತೂಕ ಹೆಚ್ಚು.

ಮೂರನೆಯದು, ಮನೆಯಿಂದಲೇ ಮೊದಲು ಮಾಡುವುದು. ಶಾಲೆಯ ಮುಂದೆ ಅತಿವೇಗದಿಂದ ಬರುವ ವಾಹನಗಳಲ್ಲಿ ಮಕ್ಕಳನ್ನು ಬಿಡಲು ಬಂದ ಪೋಷಕರವೂ ಹಳೆಯ ವಿದ್ಯಾರ್ಥಿಗಳವೂ ಇರುವುದುಂಟು. ಹದಿನೆಂಟು ತುಂಬದ ಹುಡುಗನ ಕೈಗೆ ಮೋಟಾರು ಸೈಕಲು ಕೊಡುವುದು ಮಮತೆಯಲ್ಲ. ಅವನಿಂದ ಅಪರಾಧವಾದರೆ ಪಾಲಕನಿಗೆ ಮೂರು ವರ್ಷಗಳವರೆಗೆ ಕಾರಾಗೃಹವಾಸ ಮತ್ತು 25,000 ರೂಪಾಯಿ ದಂಡವನ್ನು 199ಎ ಪ್ರಕರಣವು ಹೇಳುತ್ತದೆ. ಶಾಲೆಯ ಬಸ್ಸು ತಾನೇ 30ರ ಮಿತಿಯನ್ನು ವ್ರತದಂತೆ ಪಾಲಿಸಿದರೆ ಅದರ ಹಿಂದೆ ಬರುವ ವಾಹನಗಳೂ ಅನಿವಾರ್ಯವಾಗಿ ಪಾಲಿಸುತ್ತವೆ. ಕಿರಿದಾದ ಊರದಾರಿಯಲ್ಲಿ ಒಬ್ಬನ ಸಂಯಮ ಹತ್ತು ಜನರ ಸಂಯಮವಾಗುವುದು ಹೀಗೆ.

ನಾಲ್ಕನೆಯದು, ದಾನಿಗಳ ಪಾಲಿನದು. ಕೊಠಡಿ, ಗ್ರಂಥಭಂಡಾರ, ಪ್ರಯೋಗಶಾಲೆಗಳನ್ನು ಕಟ್ಟಿಸಿಕೊಟ್ಟ ಮಹನೀಯರ ಹೆಸರು ಗೋಡೆಯ ಕಲ್ಲಿನಲ್ಲಿ ನಿಲ್ಲುತ್ತದೆ. ಅದು ಉಚಿತವೂ ಹೌದು. ಇಲಾಖೆಯ ಅನುಮತಿಯೊಡನೆ ಶಾಲೆಯ ಬಾಗಿಲಿನಿಂದ ದಾರಿಯವರೆಗೆ ಕಾಲ್ದಾರಿಯೊಂದನ್ನು, ದೀಪದ ಕಂಬವೊಂದನ್ನು, ಎಚ್ಚರಿಕೆಯ ಫಲಕವೊಂದನ್ನು ನಿಲ್ಲಿಸುವ ದಾನವೂ ವಿದ್ಯಾದಾನದ ಅಂಗವೇ. ಮಗುವು ಶಾಲೆಯನ್ನು ತಲುಪಿದ ಮೇಲಲ್ಲವೆ ವಿದ್ಯೆ?

ನಿಧಾನವೇ ಪ್ರಧಾನವೆಂಬ ನಾಣ್ಣುಡಿಯನ್ನು ಸೋಮಾರಿತನದ ಸಮರ್ಥನೆಯೆಂದು ಕೆಲವರು ಭಾವಿಸುತ್ತಾರೆ. ‘ನಿಧಾನ’ ಎಂಬ ಶಬ್ದಕ್ಕೆ ನಿಧಿ ಎಂಬ ಅರ್ಥವೂ ಉಂಟು. ಊರೊಳಗಿನ ದಾರಿಯಲ್ಲಿ ಚಾಲಕನು ಬಿಟ್ಟುಕೊಡುವ ಆ 96 ಸೆಕೆಂಡುಗಳು ಕಳೆದುಹೋದ ಕಾಲವಲ್ಲ. ಊರಿನ ಎಲ್ಲ ಮನೆಗಳ ಹೆಸರಿನಲ್ಲಿ ಕೂಡಿಟ್ಟ ನಿಧಿ. ಆ ನಿಧಿಯನ್ನು ಕಾಯುವ ಅಧಿಕಾರ ಸರಕಾರಕ್ಕಿದೆ, ಉಪಾಯ ಇಂಜಿನಿಯರರಲ್ಲಿದೆ, ಮನಸ್ಸು ಮಾತ್ರ ಸಮಾಜದಲ್ಲಿ ಹುಟ್ಟಬೇಕು. ಅಂಥ ಮನಸ್ಸನ್ನು ಹುಟ್ಟಿಸುವುದಕ್ಕೆ ಶಾಲೆಗಿಂತ ತಕ್ಕ ಎಡೆ ಬೇರೊಂದಿಲ್ಲ.